ತಮ್ಮನ ಸುದ್ದಿ ತರುತ್ತಿದ್ದ ಹುಲ್ಡಾ

ಹುಲ್ಡಾ ಲಾರ್ಕಮ್ ಬೆಳೆದದ್ದು ಉಬ್ಬರ ಬಂದಾಗಲೆಲ್ಲ ಲೋಕದಿಂದ ಕಡಿದುಹೋಗುವ ಮನೆಯಲ್ಲಿ. ಬಾಸ್ಟನ್ನಿಗೆ ಉತ್ತರದ ಕರಾವಳಿಯಲ್ಲಿ, ಉಪ್ಪುಹುಲ್ಲು ಬೆಳೆಯುವ ಜೌಗಿನ ನಡುವೆ ಒಂದು ದಿಬ್ಬ. ಸಮುದ್ರ ಇಳಿದಾಗ ಕಲ್ಲು ಹಾಸಿದ ಕಿರುದಾರಿಯಲ್ಲಿ ನಡೆದು ಊರು ಸೇರಬಹುದು. ಏರಿದಾಗ ದಾರಿಯೂ ಇಲ್ಲ, ಊರೂ ಇಲ್ಲ, ಸುತ್ತ ಬೂದು ಬಣ್ಣದ ನೀರು ಮಾತ್ರ. ಅವಳ ಅಪ್ಪ ಜಾಬೆಜ್ ಬೇಕೆಂದೇ ಅಲ್ಲಿ ಮನೆ ಕಟ್ಟಿದ್ದ. ಊರಿನವರು ಸಬ್ಬತ್ತಿನ ದಿನ, ದೇವರಿಗೇ ಮೀಸಲಾದ ಭಾನುವಾರವೂ ಸಭಾಮನೆಯ ಮೆಟ್ಟಿಲ ಮೇಲೆ ನಿಂತು ಹಂದಿಯ ವ್ಯಾಪಾರ ಮಾತಾಡುತ್ತಾರೆಂದು ಅವನಿಗೆ ತಡೆಯಲಾಗದ ಸಿಟ್ಟು. "ದೇವರಿಗೋಸ್ಕರ ಇಂಗ್ಲೆಂಡ್ ಬಿಟ್ಟು, ಸಮುದ್ರ ದಾಟಿ ಬಂದದ್ದು ಹಂದಿ ಮಾರೋಕಾ?" ಎನ್ನುತ್ತಿದ್ದ. ಸುಳ್ಳು ಅವನ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಯಾರಾದರೂ "ಹೇಗಿದ್ದೀರಿ ಜಾಬೆಜ್" ಎಂದರೆ, ಸ್ವಲ್ಪ ಹೊತ್ತು ಯೋಚಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಮನುಷ್ಯ.

ತಾಯಿ ಟ್ಯಾಮ್ಸಿನ್ ಮದುವೆಯಾದ ಹೊಸದರಲ್ಲಿ ನಗುವ ಹೆಂಗಸಾಗಿದ್ದಳಂತೆ. ಹಾಗೆಂದು ಹೇಳುತ್ತಿದ್ದವಳು ಜಾಬೆಜನ ಅಕ್ಕ ಡಾರ್ಕಸ್. ಗಂಡ ಮೀನು ಹಿಡಿಯಲು ಹೋಗಿ ವಾಪಸು ಬರದ ಮೇಲೆ ತಮ್ಮನ ಮನೆ ಸೇರಿಕೊಂಡಿದ್ದಳು. ನೂಲುವುದು, ಬಾತುಕೋಳಿ ಸಾಕುವುದು, ಉಳಿದಿರುವ ನಾಲ್ಕೈದು ಹಲ್ಲುಗಳ ಸಂದಿನಿಂದ ಏನಾದರೊಂದು ಗುನುಗುವುದು ಅವಳ ಕೆಲಸ. ಹುಲ್ಡಾಳಿಗಿಂತ ಬಹಳ ಚಿಕ್ಕವನು ತಮ್ಮ ಅಸಾಹೆಲ್. ಅವರಿಬ್ಬರ ನಡುವೆ ಹುಟ್ಟಿದವರು ಯಾರೂ ಉಳಿದಿರಲಿಲ್ಲ.

ಮಂಜು ಕವಿದ ದಿನ ಅಂಗಳದಾಚೆ ಏನೂ ಕಾಣುತ್ತಿರಲಿಲ್ಲ. ಆಗ ಅಕ್ಕ ತಮ್ಮ ಬಾಗಿಲ ಹೊಸ್ತಿಲ ಮೇಲೆ ಕೂತು ಮಂಜಿನೊಳಗೆ ಏನೇನಿದೆಯೆಂದು ಹೇಳಿಕೊಳ್ಳುತ್ತಿದ್ದರು. ಅಲ್ಲೊಂದು ಹಡಗು, ಅದರ ತುಂಬ ಸೇಬು. ಅಲ್ಲೊಬ್ಬ ಮುದುಕ, ಅವನ ಗಡ್ಡದಲ್ಲಿ ಹಕ್ಕಿಗೂಡು. ಅಪ್ಪನ ಹೆಜ್ಜೆ ಸಪ್ಪಳ ಕೇಳಿದರೆ ಇಬ್ಬರೂ ಸುಮ್ಮನೆ. ಇಲ್ಲದ್ದನ್ನು ಇದೆ ಎನ್ನುವುದು ಸುಳ್ಳು, ಸುಳ್ಳು ಸೈತಾನನ ಸೊತ್ತು.

ಹುಲ್ಡಾಳಿಗೆ ಹದಿನಾರು ತುಂಬಿದ ವರ್ಷ, ಉಪ್ಪುಹುಲ್ಲು ಕೊಯ್ದು ಬಣವೆ ಹಾಕುವ ಕಾಲದಲ್ಲಿ, ಅಸಾಹೆಲನಿಗೆ ಗಂಟಲು ಕಟ್ಟಿತು. ಡಾರ್ಕಸ್ ಜೇನಿಗೆ ಹುಳಿರಸ ಬೆರೆಸಿ ಕುಡಿಸಿದಳು, ಬಾತಿನ ಕೊಬ್ಬು ಸವರಿದಳು. ವೈದ್ಯನನ್ನು ಕರೆತರೋಣವೆಂದರೆ ಬಿರುಗಾಳಿ ಎದ್ದು ನೀರು ಇಳಿಯಲೇ ಇಲ್ಲ. ಕಲ್ಲುದಾರಿ ಮತ್ತೆ ಕಾಣಿಸಿಕೊಂಡ ದಿನ ವೈದ್ಯ ಬೇಕಾಗಿರಲಿಲ್ಲ.

ಬಣವೆಯ ಹಿಂದೆ ಮಗುವನ್ನು ಮಣ್ಣು ಮಾಡಿದರು. ಜಾಬೆಜ್ ಗುಂಡಿ ತೋಡಿದ, ಮುಚ್ಚಿದ, ಟೋಪಿ ಹಾಕಿಕೊಂಡ. ಒಂದು ಮಾತಿಲ್ಲ. ಸತ್ತವರ ಮೇಲೆ ಪ್ರಾರ್ಥನೆ ಹೇಳುವುದು ಪೋಪನ ಕಡೆಯವರ ಪದ್ಧತಿ, ಅವರದಲ್ಲ. ಟ್ಯಾಮ್ಸಿನ್ ಗಂಡನ ತೋಳು ಹಿಡಿದು ನಿಲ್ಲಿಸಿದಳು.

"ಈಗ ಎಲ್ಲಿದಾನೆ ಅವನು?"

"ಅದು ಕರ್ತನ ಚಿತ್ತ."

"ಚಿತ್ತ ಇರ್ಲಿ ರೀ. ಒಳ್ಳೆ ಕಡೆ ಇದಾನೋ ಇಲ್ವೋ, ಅಷ್ಟು ಹೇಳಿ ಸಾಕು."

ಜಾಬೆಜ್ ಗುದ್ದಲಿಗೆ ಅಂಟಿದ ಮಣ್ಣು ಒರೆಸಿದ. ಯಾರನ್ನು ಉಳಿಸಬೇಕು, ಯಾರನ್ನು ಬಿಡಬೇಕು ಎಂದು ದೇವರು ಲೋಕ ಹುಟ್ಟುವ ಮೊದಲೇ ತೀರ್ಮಾನಿಸಿದ್ದಾನೆ, ಅದು ಮನುಷ್ಯನಿಗೆ ತಿಳಿಯುವಂಥದ್ದಲ್ಲ ಎಂದು ಅವನು ಮನಸಾರೆ ನಂಬಿದ್ದ. "ನನಗೆ ಗೊತ್ತಿಲ್ಲ, ಟ್ಯಾಮ್ಸಿನ್" ಎಂದ.

ಅಂದಿನಿಂದ ಅವಳು ಊಟ ಬಿಟ್ಟಳು. ಹಟದಿಂದ ಬಿಟ್ಟದ್ದಲ್ಲ. ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಕೂರುವಳು, ಆಮೇಲೆ ಅದನ್ನು ಮರೆತು ಎದ್ದುಹೋಗುವಳು. ಮಂಜಿನ ದಿನಗಳಲ್ಲಿ ಅಂಗಳದ ಕೊನೆಗೆ ಹೋಗಿ ನಿಂತು, "ಕೂಗಿದ. ಕೇಳಿಸ್ತಾ?" ಎನ್ನುವಳು. ಹುಲ್ಡಾಳಿಗೆ ಕೇಳಿಸುತ್ತಿದ್ದದ್ದು ಹೆಬ್ಬಾತುಗಳ ಕೂಗು. ಆದರೂ ಅವ್ವನ ಪಕ್ಕದಲ್ಲಿ ಕಿವಿಗೊಟ್ಟು ನಿಂತರೆ ಯಾವುದು ಬಾತು, ಯಾವುದು ಮಗು ಎಂದು ಅವಳಿಗೂ ಅನುಮಾನ ಬರುತ್ತಿತ್ತು. ಮನೆಯ ಒಳಗೂ ಹೊರಗೂ ಒಂದೇ ಬೂದು ಬೆಳಕು. ಇಡೀ ದಿನ ಅರ್ಧ ಎಚ್ಚರದಲ್ಲಿ ಕಳೆದಂತೆ.

ಆಮೇಲೆ ಬೆಣ್ಣೆ ಬರುವುದು ನಿಂತಿತು. ಎಷ್ಟು ಕಡೆದರೂ ಮಜ್ಜಿಗೆ ನೊರೆಯಾಡಿಕೊಂಡೇ ಉಳಿಯಿತು. ಹಾಲು ಕೊಡುವ ಹಸುವೊಂದು ಹಳ್ಳದ ಕೆಸರಿಗೆ ಬಿದ್ದು ಸತ್ತಿತು. ಕಾದ ಕಬ್ಬಿಣ ಹಾಕಿದರೆ ಬೆಣ್ಣೆ ತಡೆದ ಮಾಟಗಾತಿಯ ಮೈ ಸುಡುತ್ತದೆಂದು ನಂಬಿಕೆ. ಟ್ಯಾಮ್ಸಿನ್ ಕುದುರೆಯ ಲಾಳವನ್ನು ಕೆಂಪಗೆ ಕಾಯಿಸಿ ಕಡಗೋಲಿನ ಪಾತ್ರೆಗೆ ಹಾಕಿದಳು. ಅದು ಚುಂಯ್ ಎಂದಾಗಲೇ ಒಲೆಯ ಪಕ್ಕ ಕೂತಿದ್ದ ಡಾರ್ಕಸ್ ಬೆರಳು ಸುಟ್ಟುಕೊಂಡು "ಅಯ್ಯೋ" ಎಂದಳು.

ಅಷ್ಟು ಸಾಕಾಯಿತು.

"ಅತ್ತಿಗೆ, ಅವನಿಗೆ ಏನು ಕುಡಿಸಿದ್ರಿ ನೀವು?"

"ಏನು ಕುಡಿಸ್ತೀನಿ? ಜೇನು, ಹುಳಿ. ನಿನ್ನ ಗಂಡನ್ನ ಸಾಕಿದ್ದೇ ಅದನ್ನ ಕುಡಿಸಿ."

"ಹಾಗಾದ್ರೆ ಪ್ರಾರ್ಥನೆ ಹೇಳಿ, ನೋಡೋಣ. ತಪ್ಪಿಲ್ಲದೆ, ಮೊದಲಿಂದ ಕೊನೇವರೆಗೂ."

ಮಾಟಗಾತಿಯ ನಾಲಗೆ ಕರ್ತನ ಪ್ರಾರ್ಥನೆಯಲ್ಲಿ ಎಲ್ಲಾದರೂ ಎಡವಿಯೇ ಎಡವುತ್ತದೆಂಬುದು ಅವರಲ್ಲಿ ಮಕ್ಕಳಿಗೂ ಗೊತ್ತು. ಜಾಬೆಜ್ ಬೈಬಲ್ ತೆರೆದು ನಿಂತ. ಡಾರ್ಕಸ್ ಎರಡು ಕೈ ಜೋಡಿಸಿ ಶುರುಮಾಡಿದಳು. ಆರು ದಶಕ ಹೇಳಿದ ಪ್ರಾರ್ಥನೆ, ಸರಾಗವಾಗಿ ಸಾಗಿತು. ಶೋಧನೆಯೊಳಗೆ ನಮ್ಮನ್ನು ಬೀಳಿಸದಿರು ಎನ್ನುವಲ್ಲಿ ಹಲ್ಲಿಲ್ಲದ ವಸಡಿನಿಂದ ಗಾಳಿ ಸೋರಿ "ಬೀಳಿಸುತಿರು" ಎಂದು ಬಂತು. ಮತ್ತೆ ಹೇಳಿಸಿದರು. ಹೆದರಿಕೆಗೆ ಮತ್ತೂ ಹಾಗೇ ಬಂತು.

ಬರುವ ಸಬ್ಬತ್ತಿಗೆ ಅಕ್ಕನನ್ನು ಬೋಧಕರ ಮುಂದೆ ನಿಲ್ಲಿಸುತ್ತೇನೆ ಎಂದ ಜಾಬೆಜ್. ಆ ಮಾತು ಆಡುವಾಗ ಅವನ ಮುಖ ಸತ್ತವನ ಮುಖದಂತಿತ್ತು.

ಮರುದಿನ ಬೆಳಗ್ಗೆ ಬಾತುಗಳಿಗೆ ಕಾಳು ಚೆಲ್ಲುತ್ತ ಡಾರ್ಕಸ್ ಹುಲ್ಡಾಳಿಗೆ ಹೇಳಿದಳು: "ಹಲ್ಲು ಬಿದ್ದದ್ದಕ್ಕೆ ನೇಣು ಹಾಕ್ತಾರೇನೇ? ಹಾಗೇನಾದ್ರೂ ಆದ್ರೆ ನಮ್ಮ ಬೋಧಕರ ತಾಯಿಗೂ ಹಗ್ಗ ಹೊಸೀಬೇಕಾಗುತ್ತೆ." ನಗಲು ಹೋದಳು. ಕೈಯಲ್ಲಿದ್ದ ಕಾಳೆಲ್ಲ ಒಂದೇ ಕಡೆ ಬಿದ್ದುಹೋಯಿತು.

ಹುಲ್ಡಾ ಒಳಗೆ ಹೋದಳು. ಟ್ಯಾಮ್ಸಿನ್ ಕಿಟಕಿಯ ಬಳಿ, ಮುಟ್ಟದ ಗಂಜಿಯ ಮುಂದೆ ಕೂತಿದ್ದಳು. ಮಣಿಕಟ್ಟು ಎಷ್ಟು ಬಡವಾಗಿತ್ತೆಂದರೆ ತೋಳಿನ ಪಟ್ಟಿ ಮೊಣಕೈವರೆಗೆ ಜಾರಿತ್ತು. ಹುಲ್ಡಾ ಮೊದಲೇ ಏನೂ ಯೋಚಿಸಿಕೊಂಡಿರಲಿಲ್ಲ. ಬಾಯಿಂದ ಬಂದದ್ದೇ ಅದು.

"ಅವ್ವ, ಅತ್ತೆ ಅಲ್ಲ. ನಾನು."

"ಏನು ನೀನು?"

"ನಾನೇ ಮಾಡಿದ್ದು. ಬೆಣ್ಣೆಗೂ, ಹಸುವಿಗೂ. ಅಸಾಹೆಲನಿಗೂ."

ಕಪಾಳಕ್ಕೆ ಬೀಳುತ್ತದೆಂದು ಕಣ್ಣು ಮುಚ್ಚಿ ನಿಂತಳು. ಏಟು ಬೀಳಲಿಲ್ಲ. ಟ್ಯಾಮ್ಸಿನ್ ಕಾಲಿನಿಂದ ಮಣೆಯೊಂದನ್ನು ಹತ್ತಿರಕ್ಕೆ ಎಳೆದಳು.

"ಕೂತ್ಕೋ" ಎಂದಳು ಪಿಸುದನಿಯಲ್ಲಿ. "ಹಾಗಾದ್ರೆ ನಿನಗೆ ಗೊತ್ತಿರುತ್ತೆ. ಎಲ್ಲಿದಾನೆ?"

ಹುಲ್ಡಾ ಇದಕ್ಕೆ ಸಿದ್ಧಳಾಗಿರಲಿಲ್ಲ. ಕಿಟಕಿಯಾಚೆ ನೀರು ಇಳಿಯುತ್ತಿತ್ತು, ಜೌಗಿನ ಹುಲ್ಲು ಒಂದೊಂದೇ ಎಸಳಾಗಿ ತಲೆ ಎತ್ತುತ್ತಿತ್ತು.

"ಇಳಿದ ನೀರು ಹೋಗ್ತದಲ್ಲ ಅವ್ವ, ಅದು ಹೋಗಿ ನಿಲ್ಲೋ ಜಾಗದಲ್ಲಿ" ಎಂದಳು. "ಅಲ್ಲೊಂದು ಬಯಲಿದೆ. ಹುಲ್ಲು ಇಲ್ಲಿ ಹಾಗೇನೇ, ಆದ್ರೆ ಉಪ್ಪಿಲ್ಲ."

"ಕಾಲಿಗೆ ಏನಾದ್ರೂ ಹಾಕ್ಕೊಂಡಿದಾನಾ? ಬರಿಗಾಲಲ್ಲಿ ಕಳಿಸಿದ್ವಿ."

"ಹಾಕ್ಕೊಂಡಿದಾನೆ. ಜಿಂಕೆ ಚರ್ಮದ್ದು. ಒಂದು ಸ್ವಲ್ಪ ದೊಡ್ಡದು. ಓಡುವಾಗ ಬಿಚ್ಚಿ ಕೈಯಲ್ಲಿ ಹಿಡ್ಕೋತಾನೆ."

ಟ್ಯಾಮ್ಸಿನಳ ಮುಖದಲ್ಲಿ ಏನೋ ಸಡಿಲವಾಯಿತು. "ಬಿಚ್ಚೇ ಬಿಚ್ತಾನೆ, ಪೋಕರಿ" ಎಂದು ಗಂಜಿಗೆ ಚಮಚ ಹಾಕಿದಳು.

ಹೀಗೆ ಆ ಚಳಿಗಾಲ ಶುರುವಾಯಿತು. ಡಾರ್ಕಸಳ ವಿಷಯ ಯಾರೂ ಮತ್ತೆ ಎತ್ತಲಿಲ್ಲ. ದಿನವೂ ಮಧ್ಯಾಹ್ನ, ಹಿಮದ ಬೆಳಕು ಛಾವಣಿಯ ತೊಲೆಗಳವರೆಗೆ ಏರಿ ಅಡಿಗೆಮನೆಯೆಲ್ಲ ಹಾಲಿನೊಳಗೆ ಮುಳುಗಿದಂತಾದಾಗ, ಟ್ಯಾಮ್ಸಿನ್ ಕೈ ಒರೆಸಿಕೊಂಡು ಬಂದು ಕೂರುವಳು. "ಇವತ್ತು?" ಎನ್ನುವಳು. ಹುಲ್ಡಾ ಹೇಳುವಳು. ಇವತ್ತು ಅವನು ಒಂದು ಬಿಳಿ ಕುದುರೆಮರಿಯ ಹಿಂದೆ ಹೋದ. ಇವತ್ತು ಅಲ್ಲಿ ಸೇಬು ಕೊಯ್ದರು, ಅವನಿಗೆ ಬುಟ್ಟಿ ಎತ್ತಲಾಗಲಿಲ್ಲ. ಇವತ್ತು ನಿನ್ನ ಹೆಸರು ಹೇಳಿದ, ಅತ್ತು ಅಲ್ಲ, ಸುಮ್ಮನೆ ನೆನಪಾಗಿ. ಕೇಳುತ್ತ ಕೇಳುತ್ತ ತಾಯಿ ಮಗಳ ತಲೆ ಬಾಚುವಳು. ಮಗಳು ಮಾಟಗಾತಿಯೆಂದು ಪೂರ್ತಿ ನಂಬಿದ್ದಳು, ಆದರೂ ಕುಂಬಳದ ಕಡುಬಿನ ಒಳ್ಳೆಯ ತುಂಡು ಅವಳಿಗೇ. ಟ್ಯಾಮ್ಸಿನ್ ಮೈ ತುಂಬಿಕೊಂಡಳು. ಒಂದು ದಿನ ನಕ್ಕೂ ನಕ್ಕಳು.

ಹುಲ್ಡಾಳಿಗೆ ಮಾತ್ರ ನಿದ್ದೆಗೂ ಎಚ್ಚರಕ್ಕೂ ಇದ್ದ ಗೆರೆ ಅಳಿಸುತ್ತ ಬಂತು. ಹೇಳುವುದಕ್ಕೆ ಮೊದಲೇ ಆ ಬಯಲು ಅವಳಿಗೆ ಕಾಣತೊಡಗಿತು. ಹುಲ್ಲಿನ ವಾಸನೆ ಬರುತ್ತಿತ್ತು. ತಾನು ಹೇಳದ ಮಾತನ್ನು ತಮ್ಮ ಅಲ್ಲಿ ತಾನೇ ಆಡುತ್ತಿದ್ದ. ಇದು ಕಟ್ಟುಕತೆಯಲ್ಲ, ನಾನು ನಿಜವಾಗಿಯೂ ಹೋಗಿ ಬರುತ್ತಿದ್ದೇನೆಯೇ ಎಂದು ಒಮ್ಮೊಮ್ಮೆ ದಿಗಿಲಾಗುತ್ತಿತ್ತು. ಯಾರಿಗೂ ಕಾಣದಂತೆ ಪ್ರಾರ್ಥನೆ ಹೇಳಿ ನೋಡಿಕೊಂಡಳು. ಎಡವಲಿಲ್ಲ. ಅದರಿಂದಲೂ ಧೈರ್ಯ ಬರಲಿಲ್ಲ.

"ಸಾಕು ಮಾಡೇ" ಎಂದು ಡಾರ್ಕಸ್ ಗದರುವಳು. "ನನ್ನ ಕುತ್ತಿಗೆ ಉಳಿಸೋಕೆ ನಿನ್ನ ಕುತ್ತಿಗೆ ಕೊಟ್ಟಿದೀಯ. ನಂದಾದ್ರೂ ಹಳೇದು."

ಹೆಂಡತಿಯಿಂದ ವಿಷಯ ತಿಳಿದ ಜಾಬೆಜ್ ಮಗಳ ಜೊತೆ ಒಂದೇ ಮೇಜಿನಲ್ಲಿ ಉಣ್ಣುವುದನ್ನು ನಿಲ್ಲಿಸಿದ. ಮಾಟಗಾತಿಯನ್ನು ಬಚ್ಚಿಟ್ಟವನು ಪಾಪಿ. ಒಪ್ಪಿಸಿದರೆ ಮಗಳಿಗೆ ಗಲ್ಲು. ಸಭೆಗೆ ಹೋದರೆ ಯಾರಾದರೂ ಮನೆಯಲ್ಲಿ ಹೇಗಿದ್ದಾರೆ ಎಂದು ಕೇಳುತ್ತಾರೆ, ಕೇಳಿದರೆ ಅವನು ಹೇಳಬೇಕಾಗುತ್ತದೆ. ಸಭೆಗೆ ಹೋಗುವುದನ್ನೇ ಬಿಟ್ಟ. ಆದರೆ ಮಧ್ಯಾಹ್ನದ ಆ ಹೊತ್ತಿಗೆ ಸರಿಯಾಗಿ ಅಡಿಗೆಮನೆಯ ಗೋಡೆಯಾಚೆ ಏನಾದರೊಂದು ರಿಪೇರಿ ಇಟ್ಟುಕೊಂಡು ಕೂರುತ್ತಿದ್ದ. ಹುಲ್ಡಾ ಮಾತು ಶುರುಮಾಡಿದೊಡನೆ ಸುತ್ತಿಗೆ ಸದ್ದು ನಿಲ್ಲುತ್ತಿತ್ತು.

ಹಿಮ ಕರಗುವ ಹೊತ್ತಿಗೆ ಸಭೆಯ ಹಿರಿಯ ಲೆಮುವೆಲ್ ಪೈಕ್ ಇಳಿತ ನೋಡಿಕೊಂಡು ಕಲ್ಲುದಾರಿ ದಾಟಿ ಬಂದ. ದಪ್ಪ ಮನುಷ್ಯ, ಒಳ್ಳೆಯವನೇ.

"ಸಹೋದರ ಜಾಬೆಜ್, ಎಷ್ಟೋ ವಾರದಿಂದ ನಿಮ್ಮ ಬೆಂಚು ಖಾಲಿ. ಬೋಧಕರು ಕೇಳ್ತಿದ್ರು, ಕಾಯಿಲೆ ಗೀಯಿಲೆ ಇಲ್ಲ ತಾನೆ?"

"ಕಾಯಿಲೆ ಇಲ್ಲ" ಎಂದ ಜಾಬೆಜ್.

ಟ್ಯಾಮ್ಸಿನ್ ಸಂಭ್ರಮದಿಂದ ಸೇಬಿನ ಮದ್ಯ ತಂದಿಟ್ಟಳು. "ಕೂತ್ಕೊಳ್ಳಿ ಹಿರಿಯರೇ, ನೀವು ಬಂದದ್ದು ಒಳ್ಳೇದಾಯ್ತು. ನಮ್ಮ ಅಸಾಹೆಲ್ ಚೆನ್ನಾಗಿದಾನೆ."

"ಹೌದು ಸಹೋದರಿ. ಕರ್ತನ ಕೈಯಲ್ಲಿ ಎಲ್ಲರೂ..."

"ಕರ್ತನ ಕೈಯೋ ಯಾರ ಕೈಯೋ ನನಗೆ ಗೊತ್ತಿಲ್ಲ. ಮೊನ್ನೆ ಮುಂದಿನ ಹಲ್ಲು ಬಿತ್ತಂತೆ. ನಮ್ಮ ಹುಲ್ಡಾ ನೋಡ್ಕೊಂಡು ಬಂದ್ಲು."

ಲೆಮುವೆಲ್ ಬಾಯಿಗೆ ಒಯ್ದಿದ್ದ ಲೋಟವನ್ನು ಹಾಗೇ ಕೆಳಗಿಟ್ಟ. "ಯಾರು ನೋಡ್ಕೊಂಡು ಬಂದದ್ದು?"

"ಹುಲ್ಡಾ. ಅವಳೇ ಅಲ್ವಾ ಅವನನ್ನ ಆ ಕಡೆ ಕಳಿಸಿದ್ದು? ಮೊದಮೊದಲು ನನಗೂ ಸಿಟ್ಟಿತ್ತು. ಆದ್ರೆ ಪಾಪ, ದಿನಾ ಹೋಗಿ ಸುದ್ದಿ ತರ್ತಾಳೆ. ಯಾರು ತರ್ತಾರೆ ಹೇಳಿ? ನಿಮ್ಮ ಬೋಧಕರು ತರ್ತಾರಾ?"

"ದುಃಖಕ್ಕೆ ತಲೆ ಕೆಟ್ಟಿದೆ ಹಿರಿಯರೇ, ಅವಳ ಮಾತು ಕಟ್ಕೋಬೇಡಿ" ಎಂದು ಡಾರ್ಕಸ್ ನಡುವೆ ಬಿದ್ದಳು.

ಲೆಮುವೆಲ್ ಹುಲ್ಡಾಳ ಕಡೆ ತಿರುಗಿದ. "ಮಗೂ, ನಿಮ್ಮವ್ವ ಹೇಳ್ತಿರೋದು ಹೌದಾ?"

ಅಲ್ಲ ಎನ್ನುವುದು ಒಂದು ಉಸಿರಿನ ಕೆಲಸ. ಆದರೆ ತಾಯಿ ಅವಳನ್ನೇ ನೋಡುತ್ತಿದ್ದಳು. ತುಂಬಿದ ಕೆನ್ನೆ, ನಂಬಿದ ಕಣ್ಣು. ಅಲ್ಲ ಎಂದರೆ ಬಯಲಿಲ್ಲ, ಕುದುರೆಮರಿಯಿಲ್ಲ, ಬಣವೆಯ ಹಿಂದಿನ ಮಣ್ಣೊಂದೇ. ಹುಲ್ಡಾ ಅಲ್ಲ ಎನ್ನಲಿಲ್ಲ.

"ನೀರು ಏರ್ತಾ ಇದೆ" ಎಂದು ಲೆಮುವೆಲ್ ಎದ್ದ. ಟೋಪಿಯನ್ನು ಮರೆತು ಹೋದ.

ಮುಂದಿನ ಇಳಿತಕ್ಕೆ ಕಾವಲಿನವರು ಬರುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಬೆಳಗಿನ ಉಬ್ಬರ ಇನ್ನೂ ತುಂಬಿದ್ದಾಗಲೇ ಜಾಬೆಜ್ ಹುಲ್ಲು ಸಾಗಿಸುವ ಚಪ್ಪಟೆ ದೋಣಿಯನ್ನು ಬಿಚ್ಚಿದ. "ಬಾ" ಎಂದ ಮಗಳಿಗೆ. ಡಾರ್ಕಸ್ ಒಂದು ಚೀಲ ಜೋಳದ ಹಿಟ್ಟು, ತನ್ನ ಉಣ್ಣೆಯ ಶಾಲು ತಂದು ಅವಳ ತೋಳಿಗೆ ತುರುಕಿದಳು. ಟ್ಯಾಮ್ಸಿನ್ ಬಾಗಿಲಲ್ಲಿ ನಿಂತು, "ಅವನ ಹತ್ರ ಹೋಗ್ತಿದೀಯಾ? ಬೇಗ ಬಾ" ಎಂದಳು. ಹುಲ್ಡಾ ತಲೆಯಾಡಿಸಿದಳು.

ಮಂಜು ದಟ್ಟವಾಗಿತ್ತು. ಹುಟ್ಟಿನ ತುದಿ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಹಳ್ಳದಿಂದ ಹಳ್ಳಕ್ಕೆ ದೋಣಿ ಸದ್ದಿಲ್ಲದೆ ಜಾರುತ್ತಿತ್ತು. ಬಣವೆಗಳು ಒಂದೊಂದೇ ತೇಲಿಬಂದು ಹಿಂದೆ ಸರಿದು ಕರಗಿದವು. ಅಪ್ಪ ತನ್ನನ್ನು ಒಪ್ಪಿಸಲು ಒಯ್ಯುತ್ತಿದ್ದಾನೋ, ನೀರಿಗೆ ತಳ್ಳಲೋ ಎಂದು ಹುಲ್ಡಾಳಿಗೆ ಗೊತ್ತಿರಲಿಲ್ಲ. ವಿಚಿತ್ರವೆಂದರೆ ಹೆದರಿಕೆಯೂ ಆಗಲಿಲ್ಲ. ಇದೂ ತಾನು ಹೇಳುತ್ತಿರುವ ಸುದ್ದಿಯ ಒಂದು ಭಾಗ ಅನ್ನಿಸುತ್ತಿತ್ತು.

ಬಹಳ ಹೊತ್ತಿನ ಮೇಲೆ ಜಾಬೆಜ್ ಕೇಳಿದ. "ಮಾಡಿದ್ದು ಹೌದಾ?"

"ಇಲ್ಲ ಅಪ್ಪ."

"ಮತ್ತೆ ಯಾಕೆ ಹಾಗಂದೆ?"

"ಅತ್ತೆನ್ನ ಒಯ್ತಿದ್ರಲ್ಲ. ಆಮೇಲೆ ಅವ್ವ ಊಟ ಮಾಡ್ತಿದ್ಲು."

ಅವನು ಹುಟ್ಟು ಹಾಕುತ್ತಲೇ ಇದ್ದ. ನಂಬಿದನೋ ಇಲ್ಲವೋ ಮುಖದಲ್ಲಿ ಏನೂ ಇರಲಿಲ್ಲ. ಜೌಗು ಮುಗಿದು ದೊಡ್ಡ ನೀರಿನ ಅಲೆ ದೋಣಿಗೆ ತಾಗಿದಾಗ ಕೈ ನಿಲ್ಲಿಸಿದ.

"ಆ ಬಯಲಿನ ವಿಷಯ..." ಎಂದ. "ಒಂದಿಷ್ಟಾದ್ರೂ ನಿಜ ಇತ್ತಾ ಅದರಲ್ಲಿ?"

ಹುಲ್ಡಾ ಅಪ್ಪನನ್ನು ನೋಡಿದಳು. ಗಡ್ಡದ ತುಂಬ ಮಂಜಿನ ಹನಿ. ಗೋಡೆಯಾಚೆ ನಿಂತುಹೋಗುತ್ತಿದ್ದ ಸುತ್ತಿಗೆ ಸದ್ದಿನ ಅರ್ಥ ಅವಳಿಗೆ ಆಗ ಹೊಳೆಯಿತು.

"ಗೊತ್ತಿಲ್ಲ ಅಪ್ಪ" ಎಂದಳು. "ಆದ್ರೆ ನನಗೆ ಕಾಣ್ತಿತ್ತು."

"ಇವತ್ತು ಕಾಣ್ತಾ?"

"ಇವತ್ತು ಅಲ್ಲೂ ಮಂಜು. ಅವನು ಹೊಸ್ತಿಲ ಮೇಲೆ ಕೂತಿದಾನೆ. ಚಳಿ ಇಲ್ಲ."

ಜಾಬೆಜ್ ತೋಳಿನಿಂದ ಮುಖ ಒರೆಸಿಕೊಂಡು ಮತ್ತೆ ಹುಟ್ಟು ಹಿಡಿದ. ಕೊಲ್ಲಿಯ ಬಾಯಲ್ಲಿ ರೋಡ್ ಐಲೆಂಡಿಗೆ ಹೊರಟ ಸರಕಿನ ಹಡಗೊಂದು ಗಾಳಿಗೆ ಕಾಯುತ್ತಿತ್ತು. ಹಡಗಿನ ಯಜಮಾನನ ಹತ್ತಿರ ಏನು ಮಾತಾಡಿದನೋ, ಬೆಳ್ಳಿಯ ಗುಂಡಿಗಳಿದ್ದ ತನ್ನ ಕೋಟು ಬಿಚ್ಚಿಕೊಟ್ಟು, ಮಗಳನ್ನು ಹಡಗು ಹತ್ತಿಸಿ, ಬರೀ ಅಂಗಿಯಲ್ಲಿ ಮನೆಗೆ ವಾಪಸಾದ.

ಕಾವಲಿನವರು ಬಂದಾಗ ಟ್ಯಾಮ್ಸಿನ್, "ಮಗಳು ತಮ್ಮನ ಹತ್ರ ಹೋದ್ಲು" ಎಂದಳು. ಅವರು ನೀರಿನ ಕಡೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಾಬೆಜನನ್ನು ಯಾರೂ ಏನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಲಾರ್ಕಮ್ ಮನೆಯ ಮಗಳು ಮುಳುಗಿ ಸತ್ತಳೆಂದು ಊರು ಬರೆದಿಟ್ಟುಕೊಂಡಿತು.

ರೋಡ್ ಐಲೆಂಡಿನ ಬಂದರು ನ್ಯೂಪೋರ್ಟಿನಲ್ಲಿ ಯಾರ ದೇವರು ಎಂಥವನೆಂದು ಯಾರೂ ಕೇಳುತ್ತಿರಲಿಲ್ಲ. ಹಡಗುಗಳಿಗೆ ಗಟ್ಟಿ ರೊಟ್ಟಿ ಸುಡುವ ಮನೆಯೊಂದರಲ್ಲಿ ಹುಲ್ಡಾ ಹಿಟ್ಟು ನಾದುವ ಕೆಲಸಕ್ಕೆ ನಿಂತಳು. ಕೆಲವು ವರ್ಷಗಳ ನಂತರ ಗಿಡಿಯನ್ ಸ್ಲೋಕಮ್ ಎಂಬ ಪೀಪಾಯಿ ಮಾಡುವವನನ್ನು ಮದುವೆಯಾದಳು. ಮೌನವಾಗಿ ಕೂತೇ ದೇವರನ್ನು ಆರಾಧಿಸುವ ಕ್ವೇಕರ್ ಪಂಗಡದವನು, ಮಿತಭಾಷಿ. ಮಕ್ಕಳಾದವು. ಎರಡನೆಯ ಹುಡುಗಿ ಮಾತು ಕಲಿಯುವ ಮೊದಲೇ ಜ್ವರದಲ್ಲಿ ಹೋಯಿತು. ಗಿಡಿಯನ್ ಅವಳ ಕೈ ಹಿಡಿದು ಮೌನವಾಗಿ ಕೂತ. ಹುಲ್ಡಾಳೂ ಕೂತಳು. ಕಣ್ಣು ಮುಚ್ಚಿ ಕಾದಳು. ಬಯಲು ಕಾಣಲಿಲ್ಲ, ಯಾವ ಸುದ್ದಿಯೂ ಬರಲಿಲ್ಲ. ಅವ್ವನಿಗಾಗಿ ಅವಳು ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತದ್ದು ಆ ದಿನ.

ಅದಾದ ಮುಂದಿನ ಬೇಸಿಗೆಯಲ್ಲಿ ಒಬ್ಬ ಮುದುಕ ಹಡಗಿನವರನ್ನು ವಿಚಾರಿಸಿಕೊಂಡು ಪೀಪಾಯಿ ಅಂಗಡಿಯ ಮುಂದೆ ಬಂದು ನಿಂತ. ಎರವಲು ತಂದ ಕೋಟು, ಕೈಯಲ್ಲೊಂದು ಗಂಟು. ಹುಲ್ಡಾ ಹಿಟ್ಟಿನ ಕೈಯಲ್ಲೇ ಅವನನ್ನು ಅಡಿಗೆಮನೆಗೆ ಕರೆತಂದು ಕೂರಿಸಿದಳು. ಬ್ರೆಡ್ಡು, ಮೀನಿನ ಸಾರು ಬಡಿಸಿದಳು. ಪೂರ್ತಿ ಉಂಡಾದ ಮೇಲೆ ಜಾಬೆಜ್ ಬಾಯಿ ಬಿಟ್ಟ.

"ಡಾರ್ಕಸ್ ಹೋದ ವರ್ಷ ತೀರಿಕೊಂಡ್ಲು. ನಿಮ್ಮವ್ವ ಅದಕ್ಕೂ ಎಷ್ಟೋ ಮುಂಚೆ."

"ಕೊನೇಲಿ ಊಟ ಮಾಡ್ತಿದ್ಲಾ ಅಪ್ಪ?"

"ಮಾಡ್ತಿದ್ಲು." ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಂದೆಡೆ ಕೂಡಿಸುತ್ತ ಹೇಳಿದ: "ನೀನು ಹೋದ ಮರುದಿನ ಬಂದು ಕೂತ್ಲು. ಇವತ್ತು ಅಂದ್ಲು. ಡಾರ್ಕಸ್ ಬಾಯಿ ಬಿಡೋಕೆ ಹೆದರಿದ್ಲು. ನಾನೇ ಹೇಳಿದೆ."

"ನೀವಾ?"

"ಮಕ್ಕಳಿಬ್ರೂ ಒಟ್ಟಿಗಿದಾರೆ ಅಂದೆ. ದಿನಾ ಹೇಳ್ತಿದ್ದೆ. ನನಗೆ ನಿನ್ನ ಹಾಗೆ ಬರ್ತಿರ್ಲಿಲ್ಲ. ಇವತ್ತು ಗಂಜಿ ಉಂಡ್ರು, ಇವತ್ತು ಮೀನು ಉಂಡ್ರು, ಅಷ್ಟೇ. ಎಲ್ಲಾ ದಿನಾ ಗಂಜೀನೇನಾ ಅಂತ ಬೈತಿದ್ಲು."

ಹುಲ್ಡಾಳಿಗೆ ನಗು ಬಂತು. ನಗುತ್ತ ನಗುತ್ತ ಅಳುವೂ ಬಂತು. ಜಾಬೆಜ್ ಏನು ಮಾಡಬೇಕೆಂದು ತೋಚದೆ ಆ ಚೂರುಗಳನ್ನೆಲ್ಲ ಬಾಯಿಗೆ ಹಾಕಿಕೊಂಡ.

ಅವನು ವಾಪಸು ಹೋಗಲಿಲ್ಲ. ಅಳಿಯನ ಅಂಗಡಿಯಲ್ಲಿ ಪೀಪಾಯಿಯ ಹಲಗೆ ಕೆತ್ತಿಕೊಂಡು, ಊಟದ ಹೊತ್ತಿಗೆ ಅವನ ಜೊತೆ ದೇವರ ವಿಷಯ ಜಗಳ ಕಾದುಕೊಂಡು ಕೆಲವು ವರ್ಷ ಬಾಳಿದ. ಗಿಡಿಯನ್ ತಿರುಗಿ ಜಗಳವಾಡುತ್ತಿರಲಿಲ್ಲ, ಅದು ಮಾವನಿಗೆ ಇನ್ನೂ ಸಿಟ್ಟು ತರಿಸುತ್ತಿತ್ತು. ಒಂದು ವಸಂತದಲ್ಲಿ, ಹಲಗೆ ಕೆತ್ತುವ ಮಣೆಯ ಮೇಲೆ ಕೂತಿದ್ದ ಹಾಗೇ ಪ್ರಾಣ ಬಿಟ್ಟ. ಕ್ವೇಕರರ ನೆಲದಲ್ಲೇ ಮಣ್ಣು ಮಾಡಿದರು.

ಅದಾಗಿ ಎರಡು ವರ್ಷಕ್ಕೆ ಉತ್ತರದ ಊರುಗಳಲ್ಲಿ ಮಾಟದ ಹೆಸರಿನಲ್ಲಿ ನೇಣು ಹಾಕುತ್ತಿರುವ ಸುದ್ದಿ ಬಂದರಿಗೆ ಬಂತು. ಮಾಡಿದೆ ಎಂದು ಒಪ್ಪಿಕೊಂಡವರು ಉಳಿಯುತ್ತಿದ್ದಾರಂತೆ, ಇಲ್ಲ ಎಂದವರು ಗಲ್ಲಿಗೆ ಹೋಗುತ್ತಿದ್ದಾರಂತೆ. ಹುಲ್ಡಾ ಕೆಲಸ ಬಿಟ್ಟು ಹಾಸಿಗೆ ಹಿಡಿದಳು. ಇಷ್ಟು ವರ್ಷ ಗಂಡನಿಗೂ ಹೇಳದೆ ಇದ್ದದ್ದನ್ನು ಆ ಸಂಜೆ ಮೊದಲಿಂದ ಕೊನೆಯವರೆಗೆ ಹೇಳಿದಳು. ಬೆಣ್ಣೆ, ಹಸು, ಬಯಲು, ದೋಣಿ. ಗಿಡಿಯನ್ ತಲೆತಗ್ಗಿಸಿ ಕೇಳಿದ.

"ನನಗೆ ಗೊತ್ತಿತ್ತು ಹುಲ್ಡಾ" ಎಂದ.

"ಹೇಗೆ?"

"ನಿಮ್ಮಪ್ಪ ಹೇಳಿದ್ರು. ಬಂದ ಮೊದಲನೇ ವಾರಾನೇ, ಹಲಗೆ ಕೆತ್ತುತಾ. ಮಗಳು ಹೇಗೆ ಅಂತ ಸುಮ್ನೆ ಮಾತಿಗೆ ಕೇಳಿದ್ದೆ ನಾನು. ಒಂದು ಗಳಿಗೆ ಯೋಚನೆ ಮಾಡಿ ಎಲ್ಲಾ ಹೇಳಿಬಿಟ್ರು."

"ಇಷ್ಟು ವರ್ಷ ಇಬ್ರೂ ಬಾಯಿ ಹೊಲ್ಕೊಂಡಿದ್ರಾ?"

"ನೀನು ಕೇಳ್ಲಿಲ್ವಲ್ಲ."

ಅವಳು ದಿಂಬು ತೆಗೆದು ಅವನ ಮೇಲೆ ಎಸೆದಳು. ಆಮೇಲೆ ಎದ್ದು ಮುಖ ತೊಳೆದುಕೊಂಡು, ಮರುದಿನದ ರೊಟ್ಟಿಗೆ ಹಿಟ್ಟು ನೆನೆಸಲು ಹೋದಳು. ಆ ಬೇಸಿಗೆಯಲ್ಲಿ ಉತ್ತರದಿಂದ ತಪ್ಪಿಸಿಕೊಂಡು ಬಂದ ಎರಡು ಕುಟುಂಬಗಳು ಅವರ ಅಂಗಡಿಯ ಅಟ್ಟದಲ್ಲಿ ಮಲಗಿದ್ದವು. ಅವರು ಯಾಕೆ ಬಂದರು, ಏನು ಒಪ್ಪಿಕೊಂಡರು ಎಂದು ಹುಲ್ಡಾ ಕೇಳಲಿಲ್ಲ. ಹೊಟ್ಟೆ ತುಂಬ ಉಣ್ಣುತ್ತಿದ್ದಾರೆಯೇ ಎಂದು ಮಾತ್ರ ನೋಡಿದಳು.